ಕೋಟಿಗೆ ಹೊಂದಿಸಿದ ಏಸಿ, ಶಾಲಿಗೆ ಬಂದ ನೋಟಿಸ್

 

ಇವತ್ತಿನ ವಿಷಯ ಬಟ್ಟೆ. ಇನ್ನೂ ಸರಿಯಾಗಿ ಹೇಳೋದಾದ್ರೆ ಆಫೀಸಿನಲ್ಲಿ, ಶಾಲೆಯಲ್ಲಿ ಹೆಣ್ಣಿಗೊಂದು ಗಂಡಿಗೊಂದು ಅಂತ ಇರುವ ಡ್ರೆಸ್ ಕೋಡ್. ಇದರಲ್ಲಿ ವಿಜ್ಞಾನ ಏನಿದೆ ಅಂತ ನೀವು ಕೇಳಬಹುದು. ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾನು ಕೆಲಸ ಮಾಡಿದ ಒಂದು ಆಫೀಸು ದುಬೈನ ಜುಮೇರಾ ಲೇಕ್ ಟವರ್ಸ್‌ನಲ್ಲಿತ್ತು. ಇಲ್ಲಿಯವರು ಅದನ್ನ ಜೆಎಲ್‌ಟಿ ಅಂತಾರೆ. ಕೃತಕ ಕೆರೆಗಳ ಸುತ್ತ ಗೋಪುರಗಳು, ‘ಎ’ಯಿಂದ ‘ಝಡ್’ವರೆಗೆ ಅಕ್ಷರದ ಹೆಸರಿರುವ 26 ಕ್ಲಸ್ಟರ್‌ಗಳು, ನಡುವೆ 68 ಅಂತಸ್ತಿನ ಅಲ್ಮಾಸ್ ಟವರ್. ಆಗಸ್ಟ್ ತಿಂಗಳಲ್ಲಿ ಮೆಟ್ರೋ ಇಳಿದು ಕ್ಲಸ್ಟರ್‌ವರೆಗೆ ನಡೆಯೋ ಹತ್ತು ನಿಮಿಷದಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಕೆರೆಯ ಪಕ್ಕದ ತೇವದ ಗಾಳಿ. ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತೆ. ಲಿಫ್ಟ್ ಹತ್ತಿ ಆಫೀಸಿನ ಬಾಗಿಲು ತೆಗೆದ್ರೆ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ. ಅದಕ್ಕೇ ನಮ್ಮಲ್ಲಿ ಬಹುತೇಕ ಹೆಂಗಸರ ಕುರ್ಚಿಯ ಬೆನ್ನಿಗೆ ಒಂದು ಶಾಲು ಇರ್ತಿತ್ತು.

ಒಂದು ಭಾನುವಾರ ಸಂಜೆ ಮೇಲ್ ಬಂತು. ನಾಳೆಯಿಂದ ಹೊಸ ಡ್ರೆಸ್ ಕೋಡ್. ಗಂಡಸರಿಗೆ ನಾಲ್ಕು ಸಾಲು: ಸೂಟು, ಟೈ, ಪಾಲಿಶ್ ಮಾಡಿದ ಶೂ, ನೀಟಾದ ಗಡ್ಡ. ಹೆಂಗಸರಿಗೆ ಒಂದೂವರೆ ಪುಟ: ಸ್ಕರ್ಟಿನ ಉದ್ದ, ತೋಳಿನ ಉದ್ದ, ಹಿಮ್ಮಡಿಯ ಎತ್ತರ, ಲಿಪ್‌ಸ್ಟಿಕ್‌ನ ಬಣ್ಣ. ಕೊನೆಯಲ್ಲಿ ಒಂದು ಸಾಲು: ಗ್ರಾಹಕರಿಗೆ ಕಾಣುವ ಜಾಗದಲ್ಲಿ ಶಾಲು ಹೊದೆಯುವಂತಿಲ್ಲ, ಅದು ವೃತ್ತಿಪರವಾಗಿ ಕಾಣೋದಿಲ್ಲ.

ನನ್ನ ಮೇಜು ಒಳಗಿತ್ತು, ನನಗೆ ಅಷ್ಟು ತೊಂದರೆ ಇರಲಿಲ್ಲ. ತೊಂದರೆ ಆಗಿದ್ದು ರಿಸೆಪ್ಷನ್‌ನಲ್ಲಿದ್ದ ಹುಡುಗಿಗೆ. ಕಾಸರಗೋಡು ಕಡೆಯವಳು, ನನ್ನ ಜೊತೆ ಕನ್ನಡ ಮಾತಾಡೋಳು. ಅವಳ ಕುರ್ಚಿ ಇದ್ದದ್ದು ಸರಿಯಾಗಿ ಏಸಿ ಗಾಳಿ ಬೀಳೋ ಜಾಗದ ಕೆಳಗೆ. ಎರಡು ದಿನ ಕಳೆದ ಮೇಲೆ ಕೈ ಉಜ್ಜಿಕೊಳ್ತಾ ಕೂತಿದ್ಲು. “ಹೋಗಿ ಹೇಳಬಾರದಾ?” ಅಂದೆ. “ಹೇಗೆ ಹೇಳುದು ಅಕ್ಕ? ಪ್ರೊಬೇಷನ್ ಮುಗಿಲಿಕ್ಕೆ ಇನ್ನೂ ಎರಡು ತಿಂಗಳು ಉಂಟು” ಅಂದ್ಲು.

ಗಲ್ಫ್‌ನಲ್ಲಿರೋರಿಗೆ ಈ ಮಾತಿನ ತೂಕ ಗೊತ್ತು. ಯುಎಇ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಗರಿಷ್ಠ 6 ತಿಂಗಳು. ಆ ಅವಧಿಯಲ್ಲಿ 14 ದಿನದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ಕೆಲಸದ ಜೊತೆಗೇ ವೀಸಾ. ಅಂದ್ರೆ ಒಂದು ಶಾಲಿನ ಪ್ರಶ್ನೆ ಎತ್ತೋಕೆ ಅವಳು ಪಣಕ್ಕಿಡಬೇಕಾಗಿದ್ದು ಈ ದೇಶದಲ್ಲಿ ಇರುವ ಅವಕಾಶವನ್ನ.

ಈಗ ವಿಜ್ಞಾನಕ್ಕೆ ಬರೋಣ. ಮೇಲ್ ಕಳಿಸಿದವರನ್ನ ಕೇಳಿದ್ರೆ ಅವರು ಏನಂತಾರೆ? “ಗಂಡಸರಿಗೂ ನಿಯಮ ಇದೆ, ಹೆಂಗಸರಿಗೂ ನಿಯಮ ಇದೆ. ತಾರತಮ್ಯ ಎಲ್ಲಿ ಬಂತು?” ಮೇಲ್ನೋಟಕ್ಕೆ ಸರಿಯಾದ ವಾದವೇ. ಹಾಗಾದ್ರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಎರಡೂ ಕಡೆ ನಿಯಮ ಇದೆ, ಸರಿ. ಎರಡೂ ಕಡೆ ಹೊರೆ ಒಂದೇ ಇದೆಯಾ? ಆ ಹೊರೆಯನ್ನ ಅಳೆಯೋಕೆ ಆಗುತ್ತಾ?

ಇದು ನಾನು ಸುಮ್ಮನೆ ಹುಟ್ಟಿಸಿದ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ ಒಂದು ಪ್ರಸಿದ್ಧ ಮೊಕದ್ದಮೆ ಇದೇ ಪ್ರಶ್ನೆಯ ಮೇಲೆ ಸೋತಿತು. ನೆವಾಡಾ ರಾಜ್ಯದ ರೀನೋ ಊರಿನ ಒಂದು ಕ್ಯಾಸಿನೋದಲ್ಲಿ ಡಾರ್ಲಿನ್ ಜೆಸ್ಪರ್ಸನ್ ಅನ್ನೋ ಮಹಿಳೆ ಸುಮಾರು 20 ವರ್ಷ ಬಾರ್‌ಟೆಂಡರ್ ಆಗಿದ್ದರು. 2000ದಲ್ಲಿ ಹೊಸ ನಿಯಮ ಬಂತು: ಹೆಂಗಸರು ಪೌಡರ್, ಮಸ್ಕಾರಾ, ಲಿಪ್‌ಸ್ಟಿಕ್ ಹಚ್ಚಲೇಬೇಕು, ಗಂಡಸರು ಕೂದಲು ಗಿಡ್ಡ ಇಡಬೇಕು, ಮೇಕಪ್ ಮಾಡುವಂತಿಲ್ಲ. ಜೆಸ್ಪರ್ಸನ್ ಒಪ್ಪಲಿಲ್ಲ, ಕೆಲಸ ಹೋಯಿತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ 7–4ರ ಬಹುಮತದಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಅದಕ್ಕೆ ಕೊಟ್ಟ ಒಂದು ಮುಖ್ಯ ಕಾರಣ ಏನು ಗೊತ್ತಾ? ಹೆಂಗಸರ ಮೇಲೆ ಹೆಚ್ಚು ಹೊರೆ ಬಿದ್ದಿದ್ರೆ ನಿಯಮ ತಪ್ಪಾಗಬಹುದು. ಆದ್ರೆ ಮೇಕಪ್‌ಗೆ ಎಷ್ಟು ದುಡ್ಡು, ಎಷ್ಟು ಹೊತ್ತು ಹೆಚ್ಚಾಗುತ್ತೆ ಅನ್ನೋದಕ್ಕೆ ದಾಖಲೆ ಕೊಟ್ಟಿಲ್ಲ ಅಂತ. ಎಲ್ಲರಿಗೂ ಗೊತ್ತಿರೋ ವಿಷಯ, ಆದರೆ ಯಾರೂ ಅಳೆದು ಕಾಗದದ ಮೇಲೆ ಇಟ್ಟಿರಲಿಲ್ಲ.

ಸರಿ, ಅಳೆಯೋಣ. ಮೊದಲನೆಯದು ಚಳಿ.

ಬಟ್ಟೆ ಎಷ್ಟು ಬೆಚ್ಚಗಿಡುತ್ತೆ ಅನ್ನೋದಕ್ಕೆ ಒಂದು ಅಳತೆ ಇದೆ, ಅದರ ಹೆಸರು ‘ಕ್ಲೋ’. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನ ಬಳಕೆಗೆ ತಂದರು. 21 ಡಿಗ್ರಿ ಕೋಣೆಯಲ್ಲಿ ಸುಮ್ಮನೆ ಕೂತ ಮನುಷ್ಯನಿಗೆ ಹಿತವಾಗಿರೋಕೆ ಎಷ್ಟು ಬಟ್ಟೆ ಬೇಕೋ ಅದು 1 ಕ್ಲೋ. ಹೆಚ್ಚು ಕಡಿಮೆ ಒಂದು ಪೂರ್ತಿ ಸೂಟು. ಅಂದ್ರೆ ಈ ಅಳತೆಗೋಲು ಹುಟ್ಟಿದ್ದೇ ಸೂಟಿನ ಜೊತೆ. ಏಸಿ ಎಂಜಿನಿಯರುಗಳು ಬಳಸುವ ಪಟ್ಟಿಯಲ್ಲಿ ಪ್ಯಾಂಟು, ಉದ್ದ ತೋಳಿನ ಶರ್ಟು, ಮೇಲೊಂದು ಸೂಟಿನ ಜಾಕೆಟ್ಟು ಸೇರಿ 0.96 ಕ್ಲೋ. ಜಾಕೆಟ್ ತೆಗೆದ್ರೆ 0.61. ಮೊಣಕಾಲವರೆಗಿನ ಸ್ಕರ್ಟು, ಅರ್ಧ ತೋಳಿನ ಶರ್ಟು, ಸ್ಯಾಂಡಲ್ ಹಾಕಿದ್ರೆ 0.54.

ಈಗ ಒಂದು ಚಿಕ್ಕ ಲೆಕ್ಕ. ಕೂತು ಕೆಲಸ ಮಾಡೋರಿಗೆ ಬಟ್ಟೆ 0.1 ಕ್ಲೋ ಕಡಿಮೆಯಾದ್ರೆ ಹಿತವೆನಿಸೋ ಉಷ್ಣತೆ ಸುಮಾರು 0.6 ಡಿಗ್ರಿ ಮೇಲೆ ಹೋಗುತ್ತೆ. ಸೂಟಿಗೂ ಸ್ಕರ್ಟಿಗೂ ವ್ಯತ್ಯಾಸ 0.42 ಕ್ಲೋ. ಅಂದ್ರೆ ಸುಮಾರು ಎರಡೂವರೆ ಡಿಗ್ರಿ. ಸೂಟಿನವರಿಗೆ 21.5 ಡಿಗ್ರಿ ಹಾಯೆನಿಸಿದ್ರೆ ಪಕ್ಕದ ಕುರ್ಚಿಯವಳಿಗೆ 24 ಬೇಕು. ಇಬ್ಬರೂ ನಿಯಮ ಪಾಲಿಸ್ತಿದ್ದಾರೆ. ಒಬ್ಬರು ಹಾಯಾಗಿದ್ದಾರೆ, ಇನ್ನೊಬ್ಬರು ನಡುಗ್ತಿದ್ದಾರೆ.

ಬಟ್ಟೆ ಬಿಟ್ಟು ದೇಹದ ಲೆಕ್ಕವೂ ಇದೆ. ಡೆನ್ಮಾರ್ಕಿನ ಫ್ಯಾಂಗರ್ ಅನ್ನೋ ಎಂಜಿನಿಯರ್ 1970ರಲ್ಲಿ ಒಂದು ಸೂತ್ರ ಕೊಟ್ಟರು. ಗಾಳಿಯ ಉಷ್ಣತೆ, ಸುತ್ತಲ ಗೋಡೆಗಳ ಉಷ್ಣತೆ, ಗಾಳಿಯ ವೇಗ, ತೇವಾಂಶ, ಬಟ್ಟೆ, ದೇಹ ಹುಟ್ಟಿಸುವ ಶಾಖ ಈ ಆರನ್ನು ಹಾಕಿದ್ರೆ ಎಷ್ಟು ಜನಕ್ಕೆ ಹಿತ, ಎಷ್ಟು ಜನಕ್ಕೆ ಅಹಿತ ಅಂತ ಹೇಳಬಹುದು. ಕಚೇರಿಗಳ ಅಂತರರಾಷ್ಟ್ರೀಯ ಮಾನದಂಡಗಳು ಇದರ ಮೇಲೇ ನಿಂತಿವೆ. ನೆದರ್‌ಲ್ಯಾಂಡ್ಸ್‌ನ ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಕ್ಟೆನ್‌ಬೆಲ್ಟ್ 2015ರಲ್ಲಿ ಹೇಳಿದ್ದು ಇಷ್ಟು: ಸೂತ್ರದೊಳಗೆ ದೇಹದ ಶಾಖಕ್ಕೆ ಹಾಕಿರುವ ಅಂಕಿ ಸರಾಸರಿ ಗಂಡಸಿನದು. ಹೆಂಗಸರ ವಿಷಯದಲ್ಲಿ ಅದು ನಿಜವಾದ ಶಾಖಕ್ಕಿಂತ 35 ಶೇಕಡಾವರೆಗೂ ಹೆಚ್ಚು ತೋರಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆ ಅಧ್ಯಯನದಲ್ಲಿ ಅಳೆದದ್ದು 16 ಯುವತಿಯರನ್ನ ಮಾತ್ರ. ಫ್ಯಾಂಗರ್ ತಮ್ಮ ಪ್ರಯೋಗದಲ್ಲಿ ಹುಡುಗ ಹುಡುಗಿಯರಿಗೆ ಒಂದೇ ಬಟ್ಟೆ ತೊಡಿಸಿದಾಗ ಇಷ್ಟಪಟ್ಟ ಉಷ್ಣತೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ “ಹೆಂಗಸರಿಗೆ ಹುಟ್ಟಿನಿಂದಲೇ ಚಳಿ ಜಾಸ್ತಿ” ಅಂತ ಸಲೀಸಾಗಿ ಹೇಳಿಬಿಡಬೇಡಿ. ನಮ್ಮ ಇವತ್ತಿನ ಮಾತಿಗೆ ಇದು ಇನ್ನೂ ಮುಖ್ಯ. ಒಂದೇ ಬಟ್ಟೆ ತೊಟ್ಟಾಗ ವ್ಯತ್ಯಾಸ ಚಿಕ್ಕದು ಅಂದ್ರೆ, ಆಫೀಸಿನಲ್ಲಿ ಕಾಣೋ ದೊಡ್ಡ ವ್ಯತ್ಯಾಸದಲ್ಲಿ ದೊಡ್ಡ ಪಾಲು ಬಟ್ಟೆಯ ನಿಯಮದ್ದೇ ಇರಬೇಕು.

ನಮ್ಮ ಉಡುಪುಗಳನ್ನೂ ಅಳೆದಿದ್ದಾರೆ. ಮನುಷ್ಯನ ಆಕಾರದ, ಒಳಗೆ ಹೀಟರ್ ಇರುವ ಗೊಂಬೆಗೆ ಬಟ್ಟೆ ತೊಡಿಸಿ ಎಷ್ಟು ಶಾಖ ಹೊರಗೆ ಹೋಗುತ್ತೆ ಅಂತ ನೋಡೋದು ವಿಧಾನ. ಕುವೈತ್‌ನ ಸಂಶೋಧಕರೊಬ್ಬರ ತಂಡ ಗಲ್ಫ್‌ನ ಗಂಡಸರ, ಹೆಂಗಸರ ಉಡುಪುಗಳನ್ನ 2008ರಲ್ಲಿ ಹೀಗೆ ಅಳೆಯಿತು. ಮಾಧವಿ ಇಂದ್ರಗಂಟಿ ಮತ್ತು ಸಂಗಡಿಗರು ಸೀರೆಯನ್ನ ಅಳೆದರು. ಅದರಲ್ಲಿ ತಿಳಿದದ್ದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ: ಉಡೋ ರೀತಿ ಬದಲಾದ್ರೆ ಸೀರೆಯ ಬೆಚ್ಚನೆಯೂ ಬದಲಾಗುತ್ತೆ. ಸೆರಗನ್ನ ಹೆಗಲ ಮೇಲಿಂದ ಸುತ್ತ ಹೊದ್ದುಕೊಂಡರೆ ಅದೇ ಶಾಲು. ಸೂಟಿಗೆ ಆ ಸೌಲಭ್ಯ ಇಲ್ಲ. ನಮ್ಮ ಆಫೀಸಿನ ನಿಯಮ ಕಿತ್ತುಕೊಂಡದ್ದು ಇಂಥ ಸೌಲಭ್ಯವನ್ನೇ. ಚಳಿ ಹುಟ್ಟಿಸಿದ್ದು ಗಂಡಸರ ಕೋಟಿನ ನಿಯಮ, ಅದಕ್ಕೆ ಹೆಂಗಸರು ಕಂಡುಕೊಂಡ ಉಪಾಯ ಶಾಲು. ನೋಟಿಸ್ ಬಂದದ್ದು ಶಾಲಿಗೆ.

ಚಳಿಯಾದ್ರೆ ಏನಾಗುತ್ತೆ, ಸ್ವಲ್ಪ ಸಹಿಸಿಕೊಳ್ಳಲಿ ಅನ್ನೋರಿಗೆ ಒಂದು ಮಾತು. 2019ರಲ್ಲಿ ಬರ್ಲಿನ್‌ನಲ್ಲಿ 543 ವಿದ್ಯಾರ್ಥಿಗಳನ್ನ 16ರಿಂದ 33 ಡಿಗ್ರಿವರೆಗಿನ ಬೇರೆ ಬೇರೆ ಉಷ್ಣತೆಯಲ್ಲಿ ಕೂರಿಸಿ ಲೆಕ್ಕ ಮಾಡಿಸಿದರು, ಪದಗಳ ಆಟ ಆಡಿಸಿದರು. ಕೋಣೆ ಬೆಚ್ಚಗಾದಂತೆ ಹೆಂಗಸರ ಅಂಕ ಏರಿತು. ಗಂಡಸರದು ಇಳಿಯಿತು, ಆದರೆ ಹೆಂಗಸರದು ಏರಿದಷ್ಟು ಜೋರಾಗಿ ಇಳಿಯಲಿಲ್ಲ. ಒಂದೇ ಪ್ರಯೋಗ, ಅದೂ ವಿದ್ಯಾರ್ಥಿಗಳ ಮೇಲೆ. ಇದನ್ನೇ ಕೊನೆಯ ಮಾತು ಅನ್ನಬಾರದು. ಆದರೂ ಚಳಿ ಅನ್ನೋದು ಬರೀ ಗೊಣಗಾಟ ಅಲ್ಲ ಅನ್ನೋಕೆ ಇಷ್ಟು ಸಾಕು.

ಎರಡನೆಯ ಅಳತೆ ಪಾದದ್ದು.

2015ರ ಡಿಸೆಂಬರ್‌ನಲ್ಲಿ ಲಂಡನ್ನಿನ ಒಂದು ಆಫೀಸಿಗೆ ರಿಸೆಪ್ಷನಿಸ್ಟ್ ಆಗಿ ಬಂದ ನಿಕೋಲಾ ಥಾರ್ಪ್ ಅವರನ್ನ, ಚಪ್ಪಟೆ ಶೂ ಹಾಕಿದ್ದಕ್ಕೆ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಎರಡರಿಂದ ನಾಲ್ಕು ಇಂಚಿನ ಹಿಮ್ಮಡಿ ಬೇಕು ಅನ್ನೋದು ನಿಯಮ. ಅವರ ಮನವಿಗೆ ಒಂದೂವರೆ ಲಕ್ಷ ಜನ ಸಹಿ ಹಾಕಿದರು, 2017ರ ಜನವರಿಯಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಗಳು ವರದಿಯನ್ನೇ ಕೊಟ್ಟವು. ಹೀಲ್ಸ್ ದೇಹಕ್ಕೆ ಏನು ಮಾಡುತ್ತೆ? 2010ರ ಒಂದು ಅಧ್ಯಯನದಲ್ಲಿ, ವರ್ಷಗಟ್ಟಲೆ ದಿನವೂ ಹೀಲ್ಸ್ ಹಾಕಿದ ಹೆಂಗಸರ ಮೀನಖಂಡದ ಸ್ನಾಯು ಎಳೆಗಳು ಸುಮಾರು 13 ಶೇಕಡಾ ಗಿಡ್ಡವಾಗಿದ್ದವು, ಹಿಮ್ಮಡಿಯ ಸ್ನಾಯುರಜ್ಜು ದಪ್ಪವಾಗಿ ಬಿರುಸಾಗಿತ್ತು. ಅದಕ್ಕೇ ಕೆಲವರಿಗೆ ಹೀಲ್ಸ್ ಬಿಚ್ಚಿ ಚಪ್ಪಟೆಯಾಗಿ ನಡೆದ್ರೆ ಕಾಲು ಎಳೆದಂತಾಗಿ ನೋಯೋದು. ತಾವೇ ಇಷ್ಟಪಟ್ಟು ಹಾಕೋರ ಮಾತು ಬೇರೆ. ಸಂಬಳ ಬೇಕಿದ್ರೆ ಹಾಕಲೇಬೇಕು ಅಂದಾಗ, ಆ 13 ಶೇಕಡಾ ನಿಯಮದ ಲೆಕ್ಕಕ್ಕೆ ಸೇರುತ್ತೆ. ಗಂಡಸರ ಪಾಲಿಶ್ ಶೂ ನಿಯಮ ಯಾರ ಸ್ನಾಯುವನ್ನೂ ಗಿಡ್ಡ ಮಾಡೋದಿಲ್ಲ.

ಮೂರನೆಯದು ಶಾಲೆ. ಇಲ್ಲಿ ಅಳತೆ ಆಟದ್ದು.

ನಮ್ಮಲ್ಲಿ ಹೆಚ್ಚಿನವರು ಯೂನಿಫಾರ್ಮ್ ಹಾಕಿಯೇ ಓದಿದವರು. ಬಿಡುವಿನಲ್ಲಿ ಹುಡುಗರು ಚಡ್ಡಿ ಹಾಕ್ಕೊಂಡು ಮರ ಹತ್ತೋರು, ನಾವು ಸ್ಕರ್ಟಿನ ಅಂಚು ಹಿಡ್ಕೊಂಡು ಕುಂಟೆಬಿಲ್ಲೆ ಆಡ್ತಿದ್ವಿ. “ಸರಿಯಾಗಿ ಕೂತ್ಕೋ” ಅನ್ನೋ ಮಾತು ದಿನಕ್ಕೆ ಎಷ್ಟು ಸಲ ಕೇಳಿದ್ದೀವಿ ನೆನಪಿದೆಯಾ? ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ 135 ದೇಶ ಮತ್ತು ಪ್ರದೇಶಗಳ, 5ರಿಂದ 17 ವರ್ಷದ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗುವ ಚಟುವಟಿಕೆ ಬೇಕು. ಪ್ರಾಥಮಿಕ ವಯಸ್ಸಿನಲ್ಲಿ ಇದನ್ನ ಮುಟ್ಟುವ ಹುಡುಗರಿಗೂ ಹುಡುಗಿಯರಿಗೂ ನಡುವಿನ ಅಂತರ, ಹೆಚ್ಚಿನ ಶಾಲೆಗಳಲ್ಲಿ ಯೂನಿಫಾರ್ಮ್ ಇಲ್ಲದ ದೇಶಗಳಲ್ಲಿ ಶೇಕಡಾ 5.5 ಅಂಶ, ಯೂನಿಫಾರ್ಮ್ ಇರುವ ದೇಶಗಳಲ್ಲಿ 9.8 ಅಂಶ. ಯೂನಿಫಾರ್ಮೇ ಕಾರಣ ಅಂತ ಇದರಿಂದ ಸಾಬೀತಾಗೋದಿಲ್ಲ, ಎರಡೂ ಜೊತೆಜೊತೆಗೆ ಕಾಣಿಸಿಕೊಳ್ತವೆ ಅಷ್ಟೇ. ಆದರೆ ಸ್ಕರ್ಟು ಹಾಕಿ ಲಾಗ ಹಾಕೋಕೆ ಹಿಂಜರಿದ ಯಾವ ಹುಡುಗಿಯನ್ನ ಕೇಳಿದ್ರೂ ಕಾರಣ ಊಹಿಸೋದು ಕಷ್ಟ ಅಲ್ಲ.

ಕೇರಳದ ಎರ್ನಾಕುಲಂ ಜಿಲ್ಲೆಯ ವಲಯನ್‌ಚಿರಂಗರದ ಸರ್ಕಾರಿ ಎಲ್‌ಪಿ ಶಾಲೆ 2018ರಲ್ಲೇ ಒಂದು ತೀರ್ಮಾನ ತಗೊಂಡಿತು: ಹುಡುಗ ಹುಡುಗಿ ಇಬ್ಬರಿಗೂ ಶರ್ಟು, ಮೊಣಕಾಲವರೆಗಿನ ಚಡ್ಡಿ. 2021ರ ಡಿಸೆಂಬರ್‌ನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಹೆಣ್ಣುಮಕ್ಕಳ ಶಾಲೆ ಪ್ಯಾಂಟು ಶರ್ಟು ತಂದಾಗ ವಿರೋಧವೂ ಬಂತು. ಒಂದು ಆಕ್ಷೇಪ ಯೋಚನೆ ಮಾಡುವಂಥದ್ದು: ‘ಎಲ್ಲರಿಗೂ ಸಮಾನ’ ಅಂದ್ರೆ ಎಲ್ಲರೂ ಹುಡುಗರ ಬಟ್ಟೆ ಹಾಕೋದಾ? ಏಸಿ ಸೂತ್ರದಲ್ಲಿ ಕಂಡ ಕಥೆಯೇ ಇದು. ‘ಸಾಮಾನ್ಯ ಮನುಷ್ಯ’ ಅಂದಕೂಡಲೇ ನಮ್ಮ ಕಣ್ಣಿಗೆ ಗಂಡಸು ಬರ್ತಾನೆ.

ಹಾಗಂತ ಗಂಡಸರಿಗೆ ಹೊರೆ ಇಲ್ಲ ಅಂತ ಅಲ್ಲ. ಆಗಸ್ಟಿನಲ್ಲಿ ಸೂಟು ಹಾಕಿ ಜೆಎಲ್‌ಟಿ ಮೆಟ್ರೋದಿಂದ ನಡೆದು ಬರೋ ಸಹೋದ್ಯೋಗಿಯ ಮುಖ ನೋಡಿದ್ರೆ ಗೊತ್ತಾಗುತ್ತೆ. 2017ರ ಜೂನ್‌ನಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಒಂದು ಶಾಲೆಯಲ್ಲಿ ಸೆಕೆ ತಡೆಯೋಕಾಗದೆ ಹುಡುಗರು ಚಡ್ಡಿಗೆ ಅನುಮತಿ ಕೇಳಿದರು, ಸಿಗಲಿಲ್ಲ. ನಿಯಮದ ಪುಸ್ತಕದಲ್ಲಿ ಸ್ಕರ್ಟಿಗೆ ಅನುಮತಿ ಇತ್ತಲ್ಲ, ಸ್ಕರ್ಟು ಹಾಕ್ಕೊಂಡೇ ಬಂದರು! ಮುಂದಿನ ವರ್ಷದಿಂದ ಚಡ್ಡಿ ಬಿಡ್ತೀವಿ ಅಂತ ಶಾಲೆ ಒಪ್ಪಿಕೊಳ್ತು. ಹೊರೆ ಅಳೆಯೋ ತಕ್ಕಡಿ ಎರಡೂ ಕಡೆ ತೂಗಬೇಕು.

ನಮ್ಮ ರಾಜ್ಯದ್ದೇ ದೊಡ್ಡ ಪ್ರಕರಣ ಒಂದಿದೆ, ಅದನ್ನ ಹಾರಿಸಿ ಹೋದ್ರೆ ತಪ್ಪಾಗುತ್ತೆ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಹಿಜಾಬ್ ವಿವಾದ. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆದೇಶವನ್ನ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಎಲ್ಲರಿಗೂ ಒಂದೇ ಸಮವಸ್ತ್ರ ಅನ್ನೋದನ್ನ ಒಪ್ಪಿದರು; ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಹೆಣ್ಣುಮಗುವಿನ ಓದಿಗೆ ಏನಾಗುತ್ತೆ ಅನ್ನೋದನ್ನ ಮುಂದಿಟ್ಟರು. ಧರ್ಮದ ಪ್ರಶ್ನೆಗೆ ನಾನು ಇಲ್ಲಿ ಇಳಿಯೋದಿಲ್ಲ. ನಮ್ಮ ಇವತ್ತಿನ ಪ್ರಶ್ನೆಯನ್ನಷ್ಟೇ ಕೇಳ್ತೀನಿ: ಕಾಗದದ ಮೇಲೆ ನಿಯಮ ಎಲ್ಲರಿಗೂ ಇತ್ತು, ತರಗತಿಯ ಬಾಗಿಲಲ್ಲಿ ನಿಂತದ್ದು ಹುಡುಗಿಯರು. ನೀವು ಯಾವ ಪಕ್ಷದಲ್ಲಿದ್ದರೂ ಈ ಹೊರೆಯನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೇ ಮುಂದಿನ ವಾದ ಮಾಡಬೇಕು.

ಹಾಗಾದ್ರೆ ಒಂದು ಡ್ರೆಸ್ ಕೋಡ್ ನ್ಯಾಯವಾಗಿದೆಯಾ ಅಂತ ನೋಡೋದು ಹೇಗೆ? ನಾನು ಮೂರು ಪ್ರಶ್ನೆ ಕೇಳ್ತೀನಿ. ಒಂದು, ಇದರಿಂದ ಯಾರಿಗೆ ಎಷ್ಟು ಹೊತ್ತು, ಎಷ್ಟು ದುಡ್ಡು, ಎಷ್ಟು ನೋವು? ಅಂದಾಜು ಬೇಡ, ಅಳೆದು ಬರೀರಿ. ಎರಡು, ಈ ನಿಯಮ ಕೆಲಸಕ್ಕೆ ಬೇಕಾ, ನೋಡುವವರ ಕಣ್ಣಿಗೆ ಬೇಕಾ? ಅಡುಗೆಮನೆಯಲ್ಲಿ ತಲೆಗೆ ಟೋಪಿ ಕೆಲಸಕ್ಕೆ ಬೇಕು, ಲಿಪ್‌ಸ್ಟಿಕ್ ಬೇಡ. ಮೂರು, ನಿಯಮ ತಪ್ಪು ಅನಿಸಿದ್ರೆ ಅದರಿಂದ ಅತಿ ಹೆಚ್ಚು ಕಷ್ಟಪಡೋರಿಗೆ ಬಾಯಿಬಿಟ್ಟು ಹೇಳೋ ಧೈರ್ಯ ಇದೆಯಾ?

ಆ ಮೂರನೇ ಪ್ರಶ್ನೆಯಿಂದಲೇ ನಮ್ಮ ಆಫೀಸಿನ ಕಥೆ ಮುಂದುವರಿಯಿತು. ರಿಸೆಪ್ಷನ್ ಹುಡುಗಿ ಹೇಳೋ ಹಾಗಿರಲಿಲ್ಲ. ನನ್ನ ಪ್ರೊಬೇಷನ್ ಎಂದೋ ಮುಗಿದಿತ್ತು. ಒಂದು ಸಣ್ಣ ಥರ್ಮಾಮೀಟರ್ ತಂದು ಒಂದು ವಾರ ದಿನಕ್ಕೆ ಮೂರು ಸಲ ಬರೆದಿಟ್ಟೆ. ಅವಳ ಕುರ್ಚಿಯ ಹತ್ತಿರ 20, 20.5. ಏಸಿಯ ಸ್ವಿಚ್ಚು ಇದ್ದದ್ದು ಮೀಟಿಂಗ್ ರೂಮಿನಲ್ಲಿ, ಸೂಟು ಹಾಕಿದವರೇ ತುಂಬಿರೋ ಕೋಣೆಯಲ್ಲಿ. ಅಲ್ಲಿ ಜನ ಸೇರಿ ಸೆಕೆಯಾದಾಗೆಲ್ಲ ಯಾರೋ ಇಳಿಸೋರು, ರಿಸೆಪ್ಷನ್ನಿಗೆ ಚಳಿ ಬೀಳೋದು. ನಾವು ಐದು ಜನ ಸೇರಿ ಮೇಲ್ ಬರೆದ್ವಿ, ಅದರಲ್ಲಿ ಇಬ್ಬರು ಗಂಡಸರು. ಅವಳ ಹೆಸರು ಹಾಕಲಿಲ್ಲ. ಕಾನೂನಿನ ಒಂದು ಸಾಲೂ ಸೇರಿಸಿದ್ವಿ: ಯುಎಇಯ 2021ರ 33ನೇ ಕಾರ್ಮಿಕ ಕಾನೂನಿನ 4ನೇ ವಿಧಿ ಲಿಂಗದ ಆಧಾರದ ತಾರತಮ್ಯವನ್ನ ನಿಷೇಧಿಸುತ್ತೆ. ಆದರೆ ಕೆಲಸ ಮಾಡಿದ್ದು ಆ ಸಾಲಿಗಿಂತ ಹೆಚ್ಚಾಗಿ ಥರ್ಮಾಮೀಟರಿನ ಪಟ್ಟಿ ಅನ್ಸುತ್ತೆ. ಅದರ ಕೆಳಗೆ ದುಬೈನ ವಿದ್ಯುತ್ ಮತ್ತು ನೀರು ಪ್ರಾಧಿಕಾರವೇ ಏಸಿಯನ್ನ 24ಕ್ಕೆ ಇಡಿ ಅಂತ ಜನರಿಗೆ ಹೇಳ್ತಿದೆ ಅಂತಲೂ ಬರೆದಿದ್ವಿ.

ಜಪಾನ್ ಇದನ್ನ ದೇಶದ ಮಟ್ಟದಲ್ಲಿ ಮಾಡಿ ತೋರಿಸಿದೆ. 2005ರ ಬೇಸಿಗೆಯಲ್ಲಿ ಅಲ್ಲಿನ ಸರ್ಕಾರ ‘ಕೂಲ್ ಬಿಝ್’ ಅಂತ ಶುರು ಮಾಡಿತು. ಕಚೇರಿಯ ಏಸಿ 28ಕ್ಕೆ, ಗಂಡಸರು ಟೈ ಬಿಚ್ಚಿ, ಕೋಟು ಮನೆಯಲ್ಲಿಡಿ ಅಂತ. ಪ್ರಧಾನಿ ಕೊಯಿಝುಮಿ ತಾವೇ ಟೈ ಇಲ್ಲದೆ ಬಂದರು. ಉದ್ದೇಶ ವಿದ್ಯುತ್ ಉಳಿತಾಯ. ನಮಗೆ ಅದರಲ್ಲಿ ಬೇರೆಯದೇ ಪಾಠ ಇದೆ: ಹೆಂಗಸರ ಚಳಿ ಕಡಿಮೆಯಾಗೋಕೆ ಬದಲಾಗಬೇಕಾಗಿದ್ದು ಗಂಡಸರ ನಿಯಮ.

ನಮ್ಮಲ್ಲಿ ಅಷ್ಟು ದೊಡ್ಡ ಬದಲಾವಣೆ ಆಗಲಿಲ್ಲ. ಏಸಿ 23.5ಕ್ಕೆ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಟು, ಟೈ ಕಡ್ಡಾಯ ಅಲ್ಲ ಅಂದರು. ಗಂಡಸರಿಗೆ ಖುಷಿಯೋ ಖುಷಿ. ಶಾಲಿನ ಸಾಲು ಸದ್ದಿಲ್ಲದೆ ಮಾಯವಾಯಿತು. ಹಿಮ್ಮಡಿಯ ಎತ್ತರ, ಲಿಪ್‌ಸ್ಟಿಕ್‌ನ ಬಣ್ಣ ಹಾಗೇ ಉಳಿದವು. ಅದನ್ನ ಅಳೆಯೋ ಥರ್ಮಾಮೀಟರ್ ನಮ್ಮ ಹತ್ರ ಇರಲಿಲ್ಲ. ಜೆಸ್ಪರ್ಸನ್ ಅವರ ಹತ್ರವೂ ಇರಲಿಲ್ಲ, ಅಲ್ವಾ? ಒಂದು ಗಡಿಯಾರ ಮತ್ತು ಮೇಕಪ್ ಸಾಮಾನಿನ ಬಿಲ್ಲುಗಳನ್ನಾದ್ರೂ ಇಟ್ಟುಕೊಳ್ಳಬಹುದಿತ್ತು ಅಂತ ಈಗ ಅನ್ಸುತ್ತೆ.

ಆ ಹುಡುಗಿಯ ಪ್ರೊಬೇಷನ್ ಮುಗಿಯಿತು. ಮುಗಿದ ದಿನ ಅವಳು ಶಾಲು ಹೊದ್ದು ಕೂತಿದ್ಲು. “ಈಗ ಚಳಿ ಇಲ್ಲವಲ್ಲೇ” ಅಂದೆ. “ಚಳಿಗಲ್ಲ ಅಕ್ಕ, ಸುಮ್ಮನೆ” ಅಂದು ನಕ್ಕಳು.

ನಿಮ್ಮ ಆಫೀಸಿನಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ ಇರೋ ನಿಯಮಗಳಲ್ಲಿ ಯಾವುದನ್ನ ಅಳೆಯಬಹುದು? ಒಂದು ವಾರ ಅಳೆದು ನೋಡಿ, ಸಿಕ್ಕ ಅಂಕಿ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೂ ನಮಸ್ಕಾರ.